ಮಾದಕ ವಸ್ತು ಪ್ರಕರಣ: ತೂಕಕ್ಕೆ ತಕ್ಕ ಶಿಕ್ಷೆ, ವ್ಯಸನಿಗೆ ಚಿಕಿತ್ಸೆಯ ದಾರಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ಗಾಂಜಾ ಸಹಿತ ಸಿಕ್ಕಿಬಿದ್ದ ವ್ಯಕ್ತಿಯ ಭವಿಷ್ಯವನ್ನು ಮೊದಲು ನಿರ್ಧರಿಸುವುದು ತಕ್ಕಡಿ. ಶಿರಾ ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿದೆ. ಪಾವಗಡವನ್ನು ಬಹುಪಾಲು ಆಂಧ್ರಪ್ರದೇಶದ ನೆಲ ಸುತ್ತುವರಿದಿದೆ. ಹೀಗಾಗಿ ಅಕ್ರಮ ಸಾಗಣೆಯ ಮೇಲೆ ಇಲ್ಲಿ ನಿಗಾ ಸಹಜ. ಆದರೆ ಮಾರುವವನನ್ನೂ ವ್ಯಸನಿಯನ್ನೂ ಕಾನೂನು ಒಂದೇ ಎಂದು ಭಾವಿಸಿಲ್ಲ. ವ್ಯಸನಿಗೆ ಅದು ಚಿಕಿತ್ಸೆಯ ಬಾಗಿಲೊಂದನ್ನು ಇಟ್ಟಿದೆ. ಆ ಬಾಗಿಲನ್ನು ಕೇಳಿ ತೆರೆಸಿಕೊಳ್ಳಬೇಕಾಗುತ್ತದೆ.

ಶಿಕ್ಷೆಯ ಮೂರು ಮೆಟ್ಟಿಲು

1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆಗೆ 2001ರಲ್ಲಿ ತಿದ್ದುಪಡಿಯಾಗಿ, ಶಿಕ್ಷೆಯನ್ನು ವಶಪಡಿಸಿಕೊಂಡ ಪ್ರಮಾಣಕ್ಕೆ ಹೊಂದಿಸಲಾಯಿತು. ಗಾಂಜಾ 1 ಕಿಲೋವರೆಗೆ ಇದ್ದರೆ ಸಣ್ಣ ಪ್ರಮಾಣ. ಅದಕ್ಕೆ ಗರಿಷ್ಠ 1 ವರ್ಷದ ಕಠಿಣ ಸಜೆ, 10 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2014ರ ತಿದ್ದುಪಡಿಗೆ ಮುನ್ನ ಈ ಸಜೆಯ ಮಿತಿ 6 ತಿಂಗಳಿತ್ತು. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. 10ರಿಂದ 20 ವರ್ಷಗಳ ಸಜೆ ಹಾಗೂ 1ರಿಂದ 2 ಲಕ್ಷ ರೂಪಾಯಿ ದಂಡ. ನಡುವಿನ ಪ್ರಮಾಣಕ್ಕೆ 10 ವರ್ಷಗಳವರೆಗೆ ಸಜೆ. ಹೆರಾಯಿನ್ ವಿಷಯದಲ್ಲಿ ಈ ಮಿತಿಗಳು 5 ಗ್ರಾಂ ಮತ್ತು 250 ಗ್ರಾಂ.

ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ ಕಲಂ 37ರ ಪ್ರಕಾರ ಜಾಮೀನು ಬಲು ಕಷ್ಟ. ಹೊಲದಲ್ಲಿ ಬೆಳೆದ ಗಾಂಜಾ ಗಿಡಕ್ಕೆ ಈ ತೂಕದ ವಿನಾಯಿತಿ ಅನ್ವಯಿಸುವುದಿಲ್ಲ. ತೊಗರಿ ಸಾಲಿನ ನಡುವೆ ನಾಲ್ಕೇ ಗಿಡವಿದ್ದರೂ ಕೃಷಿಯ ಅಪರಾಧಕ್ಕೆ 10 ವರ್ಷಗಳವರೆಗೆ ಸಜೆಯಾಗಬಹುದು.

ನ್ಯಾಯಾಲಯದ ಮೂಲಕ ಚಿಕಿತ್ಸೆ

ಸೇವನೆಯ ಅಪರಾಧ ಕಲಂ 27ರಡಿ ಬರುತ್ತದೆ. ಈ ಅಪರಾಧ ಇಲ್ಲವೇ ಸಣ್ಣ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು ಸೆರೆಮನೆಗೆ ಕಳುಹಿಸುವ ಬದಲು, ಆತನ ಒಪ್ಪಿಗೆ ಮತ್ತು ಮುಚ್ಚಳಿಕೆ ಪಡೆದು ಸರ್ಕಾರಿ ಅಥವಾ ಸರ್ಕಾರದಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಿಡಲು ಕಲಂ 39 ನ್ಯಾಯಾಲಯಕ್ಕೆ ಅಧಿಕಾರ ನೀಡಿದೆ. ಗರಿಷ್ಠ ಒಂದು ವರ್ಷದೊಳಗೆ ಚಿಕಿತ್ಸೆಯ ವರದಿಯೊಂದಿಗೆ ಹಾಜರಾಗಬೇಕು. ಇದೇ ಆರೋಪ ಎದುರಿಸುತ್ತಿರುವ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ಕಲಂ 64-ಎ ಮೊಕದ್ದಮೆಯಿಂದಲೇ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂಪಡೆಯಬಹುದು.

ಸೆರೆಯೊಳಗೆ

ಬೆಂಗಳೂರು ಕೇಂದ್ರ ಕಾರಾಗೃಹದ 5,024 ಬಂದಿಗಳ ಕುರಿತು ನಿಮ್ಹಾನ್ಸ್ 2011ರಲ್ಲಿ ವರದಿ ಪ್ರಕಟಿಸಿತು. ಸುಮಾರು ಶೇ 80ರಷ್ಟು ಮಂದಿಯಲ್ಲಿ ಮಾನಸಿಕ ಕಾಯಿಲೆ ಅಥವಾ ವ್ಯಸನದ ಸಮಸ್ಯೆ ಕಂಡುಬಂದಿತ್ತು. ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದಾಗ ಈ ಪ್ರಮಾಣ ಸುಮಾರು ಶೇ 28ಕ್ಕೆ ಇಳಿಯಿತು. ಸೆರೆಮನೆಯ ದೊಡ್ಡ ಕಾಯಿಲೆ ವ್ಯಸನವೇ ಎಂಬುದು ಇದರಿಂದ ಸ್ಪಷ್ಟ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಗೆ ಸೇರಿಸಿದೆ. ಕಾರಾಗೃಹದ ವೈದ್ಯರಿಗೆ ತರಬೇತಿ ಹಾಗೂ ಪ್ರತಿ ರಾಜ್ಯದ ಕನಿಷ್ಠ ಒಂದು ಕಾರಾಗೃಹದಲ್ಲಿ ಮಾನಸಿಕ ಆರೋಗ್ಯ ಘಟಕ ಇರಬೇಕೆಂಬುದು ಅದರ ನಿಯಮ.

ಬಂಧನದ ಮೊದಲ ದಿನಗಳೇ ಅಪಾಯಕಾರಿ. ಮದ್ಯ ಹಠಾತ್ತನೆ ನಿಂತಾಗ ಎರಡು-ಮೂರು ದಿನಗಳಲ್ಲಿ ಅಪಸ್ಮಾರ, ಸನ್ನಿ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ಬಿಡುಗಡೆಯ ನಂತರದ ವಾರಗಳೂ ಅಷ್ಟೇ ಸೂಕ್ಷ್ಮ. ಸೆರೆಯಲ್ಲಿ ದೇಹದ ತಾಳಿಕೆ ಕುಗ್ಗಿರುವುದರಿಂದ, ಹೆರಾಯಿನ್‌ನ ಹಳೆಯ ಪ್ರಮಾಣವೇ ಮಾರಕವಾಗುತ್ತದೆ.

ಕುಟುಂಬದವರು ಮಾಡಬೇಕಾದುದು

ಬಂಧಿತನನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ವ್ಯಸನದ ಸಂಗತಿಯನ್ನು ವೈದ್ಯಕೀಯ ತಪಾಸಣೆಯ ವೇಳೆ ಹಾಗೂ ನ್ಯಾಯಾಧೀಶರ ಮುಂದೆ ತಿಳಿಸಿ ದಾಖಲಿಸುವುದು ಒಳಿತು. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಕಲಂ 39ರ ಕೋರಿಕೆಗೆ ಆಧಾರವೇ ಉಳಿಯದು. ವಶದಲ್ಲಿರುವ ಯಾರಿಗೇ ಆದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಲಭ್ಯ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಸಲ್ಲಿಸಬಹುದು. ವ್ಯಸನಮುಕ್ತಿಯ ಸಲಹೆಗೆ 14446, ಮಾನಸಿಕ ಆರೋಗ್ಯದ ನೆರವಿಗೆ ಟೆಲಿ ಮಾನಸ್ 14416 ಉಚಿತ ದೂರವಾಣಿ ಸಂಖ್ಯೆಗಳಿವೆ.