ನಡೆದಾಗ ಮೀನಖಂಡ ನೋವೇ? ಕಾಲಿನ ರಕ್ತನಾಳ ಕಿರಿದಾಗಿರಬಹುದು

ರಾಯಚೂರು: ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುವುದು, ನಿಂತು ಸುಧಾರಿಸಿಕೊಂಡರೆ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುವುದು, ಮತ್ತೆ ಅಷ್ಟೇ ದೂರ ನಡೆದಾಗ ಮರುಕಳಿಸುವುದು. ಇದನ್ನು ವಾತವೆಂದೋ ವಯಸ್ಸಿನ ದಣಿವೆಂದೋ ಭಾವಿಸಿ ಎಣ್ಣೆ ತಿಕ್ಕಿ ಸುಮ್ಮನಾಗುವವರುಂಟು. ಆದರೆ ಇದು ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳು ಕಿರಿದಾಗಿರುವ ಲಕ್ಷಣವಾಗಿರಬಹುದು. ವೈದ್ಯರು ಇದನ್ನು ಪೆರಿಫೆರಲ್ ಆರ್ಟರಿ ಡಿಸೀಸ್, ಸಂಕ್ಷಿಪ್ತವಾಗಿ ಪಿಎಡಿ ಎನ್ನುತ್ತಾರೆ.

ಕಾರಣವೇನು?

ಅಪಧಮನಿಯ ಒಳಗೋಡೆಗೆ ಕೊಬ್ಬು ಅಂಟಿ ಗಟ್ಟಿಯಾದಂತೆ ರಕ್ತದ ಹರಿವು ಕುಗ್ಗುತ್ತದೆ. ಬೀಡಿ, ಸಿಗರೇಟು ಮತ್ತು ಸಕ್ಕರೆ ಕಾಯಿಲೆ ಇದರ ಎರಡು ದೊಡ್ಡ ಕಾರಣಗಳು. ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್ ಹಾಗೂ ಇಳಿವಯಸ್ಸು ಅವುಗಳ ಜತೆಗೂಡುತ್ತವೆ. ಕಾಲಿನ ನಾಳ ಕಟ್ಟಿದವರಲ್ಲಿ ಹೃದಯ ಮತ್ತು ಮೆದುಳಿನ ನಾಳಗಳೂ ಕಟ್ಟುವ ಸಂಭವ ಹೆಚ್ಚು. ಆದ್ದರಿಂದ ಇದು ಹೃದಯಾಘಾತ, ಪಾರ್ಶ್ವವಾಯುವಿನ ಮುನ್ಸೂಚನೆಯೂ ಹೌದು.

ಬೀಡಿ ಸೇದುವ ಯುವಕರಲ್ಲಿ ಬರ್ಜರ್ ಕಾಯಿಲೆ ಎಂಬ ಮತ್ತೊಂದು ಬಗೆಯ ನಾಳರೋಗ ಕಾಣಿಸಿಕೊಳ್ಳುತ್ತದೆ. ತಂಬಾಕನ್ನು ಪೂರ್ಣ ತ್ಯಜಿಸದ ಹೊರತು ಅದು ಹತೋಟಿಗೆ ಬರುವುದಿಲ್ಲ.

ಪತ್ತೆ ಹೇಗೆ?

ಕಣಕಾಲು ಹಾಗೂ ತೋಳಿನ ರಕ್ತದೊತ್ತಡವನ್ನು ಡಾಪ್ಲರ್ ಉಪಕರಣದಿಂದ ಅಳೆದು ಹೋಲಿಸುವುದು ಸರಳ ಪರೀಕ್ಷೆ. ತೋಳಿನಲ್ಲಿ 140, ಕಣಕಾಲಿನಲ್ಲಿ 98 ಇದ್ದರೆ ಅನುಪಾತ 0.7. ಇದು 0.9 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಪಿಎಡಿ ಎಂದರ್ಥ. ದೀರ್ಘಕಾಲದ ಮಧುಮೇಹಿಗಳಲ್ಲಿ ನಾಳಗಳು ಬಿರುಸಾಗಿ ಈ ಅಂಕಿ 1.4 ಮೀರಬಹುದು; ಆಗ ಬೇರೆ ಪರೀಕ್ಷೆ ಅಗತ್ಯ.

ನಿರ್ವಹಣೆ

ಮೊದಲ ಮದ್ದು ತಂಬಾಕು ತ್ಯಾಗ. ಎರಡನೆಯದು ನಡಿಗೆ. ನೋವು ಬರುವವರೆಗೆ ನಡೆದು, ನಿಂತು, ಇಳಿದ ಮೇಲೆ ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, 12 ವಾರ ಮಾಡಿದರೆ ನೋವಿಲ್ಲದೆ ಕ್ರಮಿಸುವ ದೂರ ಹೆಚ್ಚುತ್ತದೆ. ಹೃದ್ರೋಗವಿದ್ದವರು, ಪಾದದಲ್ಲಿ ಹುಣ್ಣಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಸ್ಟಾಟಿನ್ ಮಾತ್ರೆಗಳನ್ನು ವೈದ್ಯರು ಸೂಚಿಸುತ್ತಾರೆ. ಇವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸುವಂತಿಲ್ಲ.

ನಾಳ ತೀರಾ ಕಟ್ಟಿದ್ದರೆ ಬಲೂನ್, ಸ್ಟೆಂಟ್ ಅಥವಾ ಬೈಪಾಸ್ ನೆರವಿಗೆ ಬರುತ್ತವೆ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಡಾ. ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಿಕೊಳ್ಳಲು ಒಪ್ಪದ 82 ವರ್ಷದ ಮಹಿಳೆಯೊಬ್ಬರ ನಾಳವನ್ನು ಕೊಳವೆಯಿಂದಲೇ ಹಿಗ್ಗಿಸಿ ಕಾಲು ಉಳಿಸಿದರು. ಹೃದಯಕ್ಕೆ ಆಂಜಿಯೋಪ್ಲಾಸ್ಟಿ ಬಂದದ್ದು ಆನಂತರ, 1977ರಲ್ಲಿ.

ಪಾದದ ಕಾಳಜಿ

ಚಂದ್ರಬಂಡ, ದೇವದುರ್ಗ, ಮಾನ್ವಿ ಭಾಗದ ಹೊಲಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಹತ್ತಿ ಕಟ್ಟಿಗೆಯ ಮೊನೆ, ಮುಳ್ಳು, ಬೇಸಿಗೆಯ ಕಾದ ನೆಲ ಎಲ್ಲವೂ ಅಪಾಯ. ರಕ್ತ ಸಾಲದ ಪಾದದಲ್ಲಿ ಸಣ್ಣ ಗಾಯವೂ ಮಾಯದೆ ಗ್ಯಾಂಗ್ರಿನ್‌ಗೆ ತಿರುಗಬಹುದು. ಯುಗಾದಿ ವೇಳೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಮಧುಮೇಹಿಗಳು ಮೊದಲು ಪಾದ ತಪಾಸಣೆ ಮಾಡಿಸಿಕೊಳ್ಳುವುದು ಲೇಸು.

* ಪ್ರತಿದಿನ ಅಂಗಾಲು, ಬೆರಳ ಸಂದಿ ಪರೀಕ್ಷಿಸಿ.
* ಮೆತ್ತನೆಯ, ಮುಂಭಾಗ ಮುಚ್ಚಿದ ಪಾದರಕ್ಷೆ ಧರಿಸಿ.
* ಜೋಮು ಹಿಡಿದ ಪಾದಕ್ಕೆ ಬಿಸಿನೀರಿನ ಶಾಖ ಬೇಡ, ಸುಟ್ಟರೂ ತಿಳಿಯದು.
* ಆಣಿಯನ್ನು ಬ್ಲೇಡಿನಿಂದ ಕತ್ತರಿಸಬೇಡಿ.

ತಡ ಮಾಡದಿರಿ

ಮಲಗಿದಾಗಲೂ ಪಾದ ನೋಯುವುದು, ಕಾಲು ಇಳಿಬಿಟ್ಟರೆ ಹಾಯೆನಿಸುವುದು, ಎರಡು ವಾರವಾದರೂ ಹುಣ್ಣು ಮಾಯದಿರುವುದು ರೋಗ ಉಲ್ಬಣಿಸಿದ ಸೂಚನೆಗಳು. ಕಾಲು ಏಕಾಏಕಿ ಬಿಳುಚಿ, ತಣ್ಣಗಾಗಿ, ಮರಗಟ್ಟಿದರೆ ಅದು ತುರ್ತು ಸ್ಥಿತಿ. ಕಾಲು ಉಳಿಸಲು ಸಿಗುವ ಅವಧಿ ಸುಮಾರು 6 ಗಂಟೆ ಮಾತ್ರ. ಗ್ರಾಮೀಣರಿಗೆ ಈ ಅವಧಿಯ ಬಹುಪಾಲು ಪ್ರಯಾಣದಲ್ಲೇ ಕಳೆಯುವುದರಿಂದ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.