ಬಂದವರ ನಾಲಿಗೆ, ಇದ್ದವರ ಕಿವಿ



ಪಂಚಾಶತ್ತಮ ಹಬ್ಬದಂದು ಜೆರುಸಲೇಮಿನಲ್ಲಿ ನಡೆದದ್ದನ್ನು ನಾವು ಪ್ರತಿ ವರ್ಷ ಕೇಳುತ್ತೇವೆ. ನಾನಾ ದೇಶಗಳಿಂದ ಬಂದಿದ್ದ ಜನರು ಗಲಿಲೇಯದವರ ಮಾತನ್ನು ತಮ್ಮ ತಮ್ಮ ಹುಟ್ಟುಭಾಷೆಯಲ್ಲೇ ಕೇಳಿ ಬೆರಗಾದರು. ಇದನ್ನು ಮುಂದಿಟ್ಟು ಕೆಲವರು ಕೇಳುವುದುಂಟು: ಹಾಗಾದರೆ ಕರ್ನಾಟಕಕ್ಕೆ ಬಂದು ನೆಲೆಸಿದವರು ಕನ್ನಡ ಕಲಿಯಬೇಕಿಲ್ಲವೇ? ಕಲಿಯಬೇಕು ಎಂಬುದೇ ನಮ್ಮ ಉತ್ತರ. ಆದರೆ ಅವರಿಗೆ ಕಲಿಸುವವರು ಯಾರು, ಕಲಿಯುವ ತನಕ ಅವರೊಡನೆ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಹೇಳದಿದ್ದರೆ ಆ ಉತ್ತರ ಅರ್ಧವೇ ಸರಿ. ಇದಕ್ಕೆ ಪಾವಗಡದ ಗಡಿಸೀಮೆ ಒಳ್ಳೆಯ ಪಾಠಶಾಲೆ.

ಪಾವಗಡ ತುಮಕೂರು ಜಿಲ್ಲೆಯ ತಾಲ್ಲೂಕು. ಆದರೆ ಮೂರು ಕಡೆ ಅದನ್ನು ಆಂಧ್ರ ಸುತ್ತಿಕೊಂಡಿದೆ. ಅಲ್ಲಿನ ಕ್ಯಾತಗಾನಚೆರ್ಲು ಎಂಬ ಊರಿನ ಹೆಸರು ಕೇಳಿದರೆ, ತೆಲುಗು ಬಲ್ಲವರಿಗೆ ಕೆರೆ ಎಂಬರ್ಥದ 'ಚೆರುವು' ನೆನಪಾಗುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಈ ತೆಲುಗು ಮನೆಯವರನ್ನು ವಲಸೆ ಬಂದವರು ಎನ್ನಲಾಗದು. ತಲೆತಲಾಂತರದಿಂದ ಆ ಮಣ್ಣಿನಲ್ಲೇ ಬದುಕಿದವರು. 1953ರಲ್ಲಿ ಆಂಧ್ರ ರಾಜ್ಯವಾಯಿತು, 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಭಾಷೆಯ ಹೆಸರಿನಲ್ಲಿ ಎಳೆದ ಗೆರೆಯೂ ಮನೆಮಾತುಗಳನ್ನು ಬೇರ್ಪಡಿಸಲು ಸಾಲಲಿಲ್ಲ. ಗೆರೆಯ ಆಚೆ ಮಡಕಶಿರಾ ಕಡೆ ಕನ್ನಡ ಮನೆಗಳು ಉಳಿದವು. ಈಚೆಯ ತೆಲುಗು ಮಗು ಕನ್ನಡ ಕಲಿಯುವಂತೆ, ಆಚೆಯ ಕನ್ನಡದ ಮಗು ತೆಲುಗು ಕಲಿಯಬೇಕು. ಕೆಲವೇ ಮೈಲಿಗಳ ಅಂತರದಲ್ಲಿ ದೊಡ್ಡ ಭಾಷೆ ಚಿಕ್ಕದಾಗುತ್ತದೆ, ಚಿಕ್ಕದು ದೊಡ್ಡದಾಗುತ್ತದೆ. ಈಚೆ ನಾವು ಯಾವ ಅಳತೆಯಿಂದ ಅಳೆಯುತ್ತೇವೋ, ಆಚೆ ನಮ್ಮವರನ್ನೂ ಅದೇ ಅಳತೆಯಿಂದ ಅಳೆಯಲಾಗುತ್ತದೆ.

ಈಚಿನ ವರ್ಷಗಳಲ್ಲಿ ಈ ಸೀಮೆಗೆ ನಿಜವಾದ ಹೊಸಬರೂ ಬಂದರು. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಎದ್ದಿತು. 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಕಟ್ಟುವ ಕಾಲದಲ್ಲಿ ಹೊರರಾಜ್ಯದ ಕಾರ್ಮಿಕರೂ ತಂತ್ರಜ್ಞರೂ ಬಂದರು. ಇತ್ತ, ಬರಗಾಲಕ್ಕೆ ಬೇಸತ್ತ ಪಾವಗಡದವರು ಎಷ್ಟೋ ವರ್ಷಗಳಿಂದ ಕೂಲಿ ಅರಸಿ ಬೆಂಗಳೂರಿಗೆ ಹೋಗುತ್ತಲೇ ಇದ್ದಾರೆ. ಒಂದೇ ಊರು ಬಂದವರನ್ನೂ ಕಂಡಿದೆ, ಹೋದವರನ್ನೂ ಕಂಡಿದೆ.

ಆ ದಿನಗಳಲ್ಲೊಮ್ಮೆ ಪಾವಗಡದ ಔಷಧಿ ಅಂಗಡಿಯೊಂದರ ಮುಂದೆ ನಾವು ನಿಂತಿದ್ದೆವು. ಉತ್ತರದ ಕಡೆಯ ಹುಡುಗನೊಬ್ಬ ಜ್ವರಕ್ಕೆ ಮಾತ್ರೆ ಕೊಂಡ. ಅಂಗಡಿಯವರು ಎರಡು ಬೆರಳು ತೋರಿಸಿದರು. ಎರಡನ್ನೂ ಒಟ್ಟಿಗೆ ನುಂಗಬೇಕೋ, ಎರಡು ಹೊತ್ತಿಗೆ ಒಂದೊಂದೋ ಅವನಿಗೆ ತಿಳಿಯಲಿಲ್ಲ. ಹಿಂದಿದ್ದ ಒಬ್ಬರು, "ಇಲ್ಲಿಗೆ ಬರೋ ಮುಂಚೆ ಭಾಷೆ ಕಲೀಬೇಕಪ್ಪಾ" ಎಂದರು. ಪಕ್ಕದಲ್ಲಿದ್ದ ಅಜ್ಜಿ ಮಾತ್ರ ಅವನ ಕೈ ಹಿಡಿದು, ಆಕಾಶ ತೋರಿಸಿ, "ಬೆಳಿಗ್ಗೆ ಒಂದು", ಕೆನ್ನೆಗೆ ಅಂಗೈ ಆನಿಸಿ ಮಲಗುವಂತೆ ನಟಿಸಿ, "ರಾತ್ರಿ ಒಂದು" ಎಂದರು. ಹುಡುಗ ಅದನ್ನೇ ಎರಡು ಸಲ ಹೇಳಿದ. ಅದೇ ಅವನ ಮೊದಲ ಕನ್ನಡ ಪಾಠವಾಗಿರಬಹುದು. ಆಮೇಲೆ ಆ ಅಜ್ಜಿ ಮೊಮ್ಮಗಳೊಡನೆ ತೆಲುಗಿನಲ್ಲಿ ಮಾತಾಡುತ್ತಾ ಹೊರಟುಹೋದರು.

ಭಾಷೆ ಬಾರದಿದ್ದರೆ ಬರುವ ಕಷ್ಟ ಮೊದಲು ತಟ್ಟುವುದು ಬಂದವನಿಗೇ ಎಂಬುದನ್ನು ಅಂದು ಕಂಡೆವು. ಆದ್ದರಿಂದ 'ಕಲಿ' ಎನ್ನುವುದು ತಪ್ಪಲ್ಲ. ಆದರೆ ಹಿಂದೆ ನಿಂತು ಗದರಿದವರು ಏನನ್ನೂ ಕಲಿಸಲಿಲ್ಲ.

ಪ್ರಿಯರೇ, ನಮ್ಮ ಧರ್ಮಸಭೆಯೂ ಈ ನಾಡಿಗೆ ಹೊರಗಿನಿಂದ ಬಂದ ಗುರುಗಳ ಮೂಲಕ ಬೆಳೆದದ್ದು. 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. 18ನೇ ಶತಮಾನದಲ್ಲಿ ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಕಡೆ ಬಂದ ಫ್ರೆಂಚ್ ಗುರುಗಳು ಜನರಾಡುವ ತೆಲುಗನ್ನು ಕಲಿತರು. ಇನ್ನೊಂದು ಸಭೆಯವರಾದ ಜರ್ಮನಿಯ ಕಿಟ್ಟೆಲ್ 1853ರಲ್ಲಿ ಬಂದು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟನ್ನು ಕೊಟ್ಟರು. ಇವರಿಗೆ ಯಾರೂ ಪರೀಕ್ಷೆ ಇಟ್ಟಿರಲಿಲ್ಲ. ಮಾತು ಬಾರದೆ ಮನಸ್ಸು ತಲುಪಲಾಗದೆಂದು ತಿಳಿದು, ಹಳ್ಳಿಯವರನ್ನೇ ಗುರುಗಳಾಗಿ ಮಾಡಿಕೊಂಡರು. ಮನೆಮಾತು ತಮಿಳಾದ ಮಾಸ್ತಿಯವರೂ ಮರಾಠಿಯಾದ ಬೇಂದ್ರೆಯವರೂ ಕನ್ನಡದ ಹಿರಿಯ ಕವಿಗಳಾದದ್ದನ್ನೂ ನೆನೆಯೋಣ. ಮನೆಮಾತನ್ನು ಬಿಡದೆಯೇ ಅವರು ಕನ್ನಡವನ್ನು ತಮ್ಮದಾಗಿಸಿಕೊಂಡರು.

ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. 1880ರಿಂದ ಬ್ರಿಟಿಷ್ ಕಂಪನಿ ನಡೆಸಿದ ಕೋಲಾರದ ಚಿನ್ನದ ಗಣಿಗೆ ತಮಿಳು ಸೀಮೆಯಿಂದ ಬಂದ ಕೂಲಿಕಾರರು ತಲೆಮಾರುಗಳ ಕಾಲ ಕಾಲೊನಿಗಳಲ್ಲೇ ಬದುಕಿದರು. ಅಲ್ಲಿ ಕನ್ನಡದ ಅಗತ್ಯವನ್ನು ಕಾಣಿಸಿದವರು ಕಡಿಮೆ, ಕಲಿಸಿದವರು ಇನ್ನೂ ಕಡಿಮೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಮಂದಿ ಕೆಲಸಕ್ಕಾಗಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಾಯಿತು. ಆಗ ನಾಡಿನ ಭಾಷೆಯ ಬೆಲೆ ತಿಳಿಯಿತು. ಹಾಗೆಯೇ, ನಮ್ಮ ಮಹಾಧರ್ಮಕ್ಷೇತ್ರದಲ್ಲಿ ಬಲಿಪೂಜೆಯ ಭಾಷೆಯ ಬಗ್ಗೆ ಕನ್ನಡಿಗರು ದಶಕಗಳಿಂದ ಹೇಳಿಕೊಂಡ ನೋವನ್ನು ಸಣ್ಣದೆನ್ನಲಾಗದು. ತನ್ನ ಮನೆಯಲ್ಲಿ ತನ್ನ ಮಾತಿಗೆ ಜಾಗವಿಲ್ಲವೆನಿಸಿದರೆ ಆತಿಥ್ಯವೂ ಬತ್ತುತ್ತದೆ.

ಹಳೆಯ ಒಡಂಬಡಿಕೆಯ ನ್ಯಾಯಸ್ಥಾಪಕರ ಗ್ರಂಥದಲ್ಲಿ ಒಂದು ಭೀಕರ ಘಟನೆಯಿದೆ. ಗಿಲ್ಯಾದಿನವರು ಯೊರ್ದಾನ್ ನದಿ ದಾಟುವ ಜಾಗದಲ್ಲಿ ಕಾವಲು ನಿಂತು, ಬಂದವರಿಗೆಲ್ಲ 'ಷಿಬ್ಬೋಲೆತ್' ಎನ್ನಲು ಹೇಳಿದರು. 'ಸಿಬ್ಬೋಲೆತ್' ಎಂದವರನ್ನು ಎಫ್ರಯಿಮ್ ಕುಲದವರೆಂದು ಗುರುತಿಸಿ ಕೊಂದರು. ಸತ್ತವರು 42,000. ಒಂದು ಅಕ್ಷರದ ಉಚ್ಚಾರಣೆಗೆ ಇಷ್ಟು ರಕ್ತ! ಬಸ್ಸಿನಲ್ಲಿ, ಅಂಗಡಿಯಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ 'ಕನ್ನಡ ಬರುತ್ತಾ?' ಎಂದು ಕೇಳುವಾಗ, ನಾವು ಆ ನದಿದಂಡೆಯ ಕಾವಲುಗಾರರೋ, ಔಷಧಿ ಅಂಗಡಿಯ ಅಜ್ಜಿಯೋ ಎಂದು ಮನಸ್ಸನ್ನು ಕೇಳಿಕೊಳ್ಳಬೇಕು.

ಧರ್ಮಸಭೆ ಎರಡು ಮಾತನ್ನೂ ಹೇಳಿದೆ. 1952ರಲ್ಲಿ ಜಗದ್ಗುರು 12ನೇ ಪಯಸ್ ಅವರು ವಲಸಿಗರಿಗೆ ಅವರ ಭಾಷೆ ಬಲ್ಲ ಗುರುಗಳು ಬೇಕೆಂದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ನಾಡಭಾಷೆಗಳಿಗೆ ಬಾಗಿಲು ತೆರೆಯಿತು. ಬಂದವರನ್ನು ಮೂಕರಾಗಿಸಬಾರದು, ನಾಡನ್ನು ಕಡೆಗಣಿಸಬಾರದು.

ಸರ್ಕಾರವು 2015ರ ಕಾನೂನಿನ ಮೂಲಕ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದಿತು. ಅದು ಸರಿಯೇ. ಆದರೆ ಮೂವತ್ತು ದಾಟಿದ ಕೂಲಿಯವನಿಗೆ ಶಾಲೆ ಎಲ್ಲಿದೆ? ಹತ್ತು ಗಂಟೆ ದುಡಿದು ಬಂದ ಹೆಂಗಸಿಗೆ ಪಾಠ ಹೇಳುವವರು ಯಾರು? ನಮ್ಮ ಧರ್ಮಕೇಂದ್ರಗಳಲ್ಲಿ ಭಾನುವಾರ ಪೂಜೆಯ ನಂತರ ಒಂದು ಗಂಟೆ ಕನ್ನಡ ಕಲಿಸಲು ಯುವಜನರು ಮುಂದೆ ಬಂದರೆ, ಅದಕ್ಕೆ ಜಾತಿ ಧರ್ಮಗಳ ತಡೆಯಿಲ್ಲದೆ ಬಾಗಿಲು ತೆರೆದರೆ, ಕನ್ನಡದ ಸೇವೆಯೂ ಆಗುತ್ತದೆ, ಅತಿಥಿಯ ಸೇವೆಯೂ ಆಗುತ್ತದೆ.

ಪಂಚಾಶತ್ತಮದಂದು ಶಿಷ್ಯರ ನಾಲಿಗೆಗೆ ಶಕ್ತಿ ಬಂತು, ಕೇಳುವವರ ಕಿವಿಗೆ ಅರ್ಥ ಬಂತು. ಬಂದವರು ನಾಲಿಗೆ ತಿರುಗಿಸಲು ಕಲಿಯಲಿ, ಇದ್ದವರು ಆ ತೊದಲನ್ನು ತಾಳ್ಮೆಯಿಂದ ಕೇಳಲು ಕಲಿಯಲಿ. ಪವಿತ್ರಾತ್ಮರು ಇಬ್ಬರಿಗೂ ಆ ವರವನ್ನು ದಯಪಾಲಿಸಲಿ. ಆಮೆನ್.