ಟಪಾಲು ಚೀಲದಿಂದ ವಾಟ್ಸ್‌ಆ್ಯಪ್‌ವರೆಗೆ

ಓದು ಬರಹ ಎಲ್ಲರಿಗೂ ದಕ್ಕದಿದ್ದ ಕಾಲದಲ್ಲಿ ಒಂದು ಗುಟ್ಟಿಗೆ ಕನಿಷ್ಠ ನಾಲ್ವರು ಪಾಲುದಾರರಿದ್ದರು: ಹೇಳಿದವರು, ಬರೆದುಕೊಟ್ಟವರು, ಓದಿ ಹೇಳಿದವರು ಮತ್ತು ಕೇಳಿಸಿಕೊಂಡವರು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಿಗೆ ಘಟ್ಟದ ಕೆಳಗಿನಿಂದಲೂ ಮಲಬಾರಿನಿಂದಲೂ ತಮಿಳು ಸೀಮೆಯಿಂದಲೂ ಕೂಲಿಗೆ ಬಂದವರು ಲೈನ್ ಮನೆಗಳಲ್ಲಿ ನೆಲೆಸಿದರು. ಅವರಿಗೆ ಊರಿನಿಂದ ಬರುವ ಕಾಗದಕ್ಕೆ ತೋಟದ ವಿಳಾಸವೇ ವಿಳಾಸ. ಟಪಾಲು ಚೀಲ ಬಿಚ್ಚುವವರು ತೋಟದ ರೈಟರ್. ಎಷ್ಟೋ ಸಲ ಕಾಗದ ಓದಿ ಹೇಳುವವರೂ, ಉತ್ತರ ಬರೆದುಕೊಡುವವರೂ ಅವರೇ. ಮಗಳ ಮದುವೆಯ ಸಾಲ, ತಂದೆಯ ಸಾವು, ಗಂಡ ಹೆಂಡಿರ ಮುನಿಸು ಎಲ್ಲವೂ ಅವರ ಕಿವಿಯ ಮೂಲಕವೇ ಸಾಗಬೇಕಿತ್ತು.

ಮುಂದೆ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಮನೆಗಳಲ್ಲಿ ಈ ಕೆಲಸ ಶಾಲೆಗೆ ಹೋಗುವ ಮಕ್ಕಳ ಪಾಲಿಗೆ ಬಂತು. ನಮ್ಮಲ್ಲಿ ಹಲವರು ಹಾಗೆ ಪಕ್ಕದ ಮನೆಯವರ ಕಾಗದ ಓದಿ ಹೇಳಿದ ಹುಡುಗರೇ. ‘ಇಲ್ಲಿ ಓದಿದ್ದು ಇಲ್ಲಿಗೇ ಮುಗಿಯಬೇಕು’ ಎಂಬುದು ಆ ಕೆಲಸದ ಮೊದಲ ಪಾಠವಾಗಿತ್ತು. ಎಲ್ಲ ರೈಟರುಗಳೂ ಧರ್ಮರಾಯರಾಗಿದ್ದರು, ಎಲ್ಲ ಹುಡುಗರೂ ಬಾಯಿ ಮುಚ್ಚಿಕೊಂಡಿದ್ದರು ಎಂದು ನಾವು ಹೇಳುವುದಿಲ್ಲ. ಆದರೆ ಗುಟ್ಟು ರಟ್ಟಾದರೆ ಅದನ್ನು ಮಾಡಿದವರು ಯಾರೆಂದು ಊರಿಗೆ ಗೊತ್ತಾಗುತ್ತಿತ್ತು. ಮರುದಿನ ಅವರ ಬಳಿ ಯಾರೂ ಕಾಗದ ತರುತ್ತಿರಲಿಲ್ಲ. ಆ ಕಾಲದ ಖಾಸಗಿತನವನ್ನು ಕಾಯುತ್ತಿದ್ದದ್ದು ಈ ಅಂಜಿಕೆ ಮತ್ತು ಈ ನಂಬಿಕೆ.

ಆಳುವವರ ಕಣ್ಣು ಮಾತ್ರ ಬೇರೆ ಬಗೆಯದು. ಮೈಸೂರು ರಾಜ್ಯದಲ್ಲಿ 17ನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ ಅಂಚೆ ವ್ಯವಸ್ಥೆ ಕಾಗದ ಸಾಗಿಸಿದ್ದಷ್ಟೇ ಅಲ್ಲ, ನಾಡಿನ ಮೂಲೆ ಮೂಲೆಯ ಸುದ್ದಿಯನ್ನು ಅರಮನೆಗೆ ಮುಟ್ಟಿಸುವ ಕೆಲಸವನ್ನೂ ಮಾಡುತ್ತಿತ್ತು. ಆ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಅದಕ್ಕೆ ಹತ್ತು ವರ್ಷ ಮೊದಲು, 1879ರಲ್ಲಿ, ಕಾಲಾಣೆಯ ಪೋಸ್ಟ್ ಕಾರ್ಡು ಬಂದಿತ್ತು. ಕಾರ್ಡಿನಲ್ಲಿ ಏನು ಬರೆಯಬಹುದು, ಯಾವುದಕ್ಕೆ ಮುಚ್ಚಿದ ಲಕೋಟೆ ಬೇಕು ಎಂಬ ವಿವೇಕವನ್ನು ಜನ ಬೇಗನೆ ಕಲಿತರು. ಟೆಲಿಫೋನು ಬಂದಾಗಲೂ ಹಾಗೆಯೇ: ಟ್ರಂಕ್ ಕಾಲ್ ಜೋಡಿಸುವ ಆಪರೇಟರಿಗೆ ಮಾತು ಕೇಳಿಸಬಹುದೆಂದು ತಿಳಿದೇ ಮಾತಾಡುತ್ತಿದ್ದರು.

ದೂರವಾಣಿ ಕದ್ದಾಲಿಕೆ ಎಷ್ಟು ದೊಡ್ಡ ತಪ್ಪು ಎಂಬುದನ್ನು ಕರ್ನಾಟಕ ಇಡೀ ದೇಶಕ್ಕೆ ತೋರಿಸಿದ್ದು 1988ರಲ್ಲಿ. ಆ ಆರೋಪ ಎದುರಾದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. 1996ರಲ್ಲಿ ಸುಪ್ರೀಂ ಕೋರ್ಟು ದೂರವಾಣಿ ಸಂಭಾಷಣೆಯೂ ಖಾಸಗಿತನದ ಭಾಗವೆಂದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ದೆಹಲಿಯ ಬಾಗಿಲು ತಟ್ಟಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಆ ತೀರ್ಪಿಗೆ ಐದು ತಿಂಗಳು ತುಂಬುವ ಮೊದಲೇ ಮೂಡಿಗೆರೆಯಲ್ಲಿ ಒಂದು ಸಾವು ಸಂಭವಿಸಿತು. 2018ರ ಜನವರಿ 6ರಂದು 20 ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡಳು. ಪೊಲೀಸರು ಅಂದು ತಿಳಿಸಿದಂತೆ, ಪರಿಚಯದ ಯುವಕನೊಬ್ಬನ ಜೊತೆ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುವಾಗ ಮುಸ್ಲಿಮರೆಂದರೆ ತನಗೆ ಪ್ರೀತಿ ಎಂಬರ್ಥದ ಮಾತನ್ನು ಹಿಂದೂ ಕುಟುಂಬದ ಆ ಹುಡುಗಿ ಬರೆದಿದ್ದಳು. ಅವನು ಅದರ ಸ್ಕ್ರೀನ್‌ಶಾಟ್ ತೆಗೆದು ಹಂಚಿದ. ಅದು ಸಂಘಟನೆಗಳ ಕೈಗೆ ಹೋಯಿತು. ಕೆಲವರು ಅವಳ ಮನೆಗೇ ಬಂದು ತಾಯಿಗೂ ಮಗಳಿಗೂ ಎಚ್ಚರಿಕೆ ಕೊಟ್ಟರು. ಆಮೇಲೆ ಸ್ಥಳೀಯ ಯುವ ರಾಜಕೀಯ ಮುಖಂಡನೊಬ್ಬನ ಬಂಧನವಾಯಿತು. ಅವಳ ಹೆಸರು ನಮಗಿಲ್ಲಿ ಬೇಕಿಲ್ಲ. ಬದುಕಿದ್ದಾಗ ಬೇಕಾದಷ್ಟು ಕೈಗಳಿಗೆ ಅದು ಹೋಗಿತ್ತು.

ಇಲ್ಲಿ ಬೀಗ ಮುರಿದದ್ದು ಎಲ್ಲಿ ಎಂದು ನೋಡಬೇಕು. 2016ರಿಂದ ವಾಟ್ಸ್‌ಆ್ಯಪ್ ಸಂದೇಶಗಳು ಗೂಢಲಿಪಿಯಲ್ಲಿ ಸಾಗುತ್ತವೆ. ದಾರಿಯಲ್ಲಿ ಕಂಪೆನಿಯೂ ಅವನ್ನು ಓದಲಾರದು ಎನ್ನುತ್ತಾರೆ. ಮೂಡಿಗೆರೆಯಲ್ಲಿ ಯಾರೂ ದಾರಿಯಲ್ಲಿ ಕದಿಯಲಿಲ್ಲ. ಕಾಗದ ತಲುಪಬೇಕಾದವನಿಗೇ ತಲುಪಿತು. ಅವನೇ ಅದನ್ನು ಬೀದಿಗಿಟ್ಟ. ಹಿಂದೆ ರೈಟರ್, ಅಂಚೆಯಣ್ಣ, ಆಪರೇಟರ್ ಹೊತ್ತಿದ್ದ ಹೊಣೆ ಈಗ ಫೋನು ಹಿಡಿದ ಪ್ರತಿಯೊಬ್ಬರ ಹೆಗಲಿಗೂ ಬಂದಿದೆ. ಅವರಿಗಿದ್ದ ಅಂಜಿಕೆ ಮಾತ್ರ ನಮಗೆ ಬಂದಿಲ್ಲ. ನೂರು ಕೈ ದಾಟಿದ ಸ್ಕ್ರೀನ್‌ಶಾಟಿನ ಪಾಪ ಯಾರಿಗೂ ತನ್ನದೆನಿಸುವುದಿಲ್ಲ.

ಕನ್ನಡದ ಸರ್ಕಾರಿ ಭಾಷೆಯಲ್ಲಿ ‘ಅಮಾನತು’ ಎಂದರೆ ನೌಕರಿಯಿಂದ ತಾತ್ಕಾಲಿಕವಾಗಿ ಹೊರಗಿಡುವುದು. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ಒಡವೆ. ಕೇಳಿದಾಗ ಹಾಗೆಯೇ ಮರಳಿಸಬೇಕಾದದ್ದು. ನಂಬಿ ಆಡಿದ ಮಾತೂ ಅಮಾನತ್ ಎಂದೇ ಮುಸ್ಲಿಮ್ ಮನೆಗಳಲ್ಲಿ ಕಲಿಸುತ್ತಾರೆ. ಇದು ಒಂದು ಸಮುದಾಯದ ಸೊತ್ತೇನೂ ಅಲ್ಲ. ಮಲೆನಾಡಿನ ಯಾವ ಮನೆಗೆ ಹೋದರೂ ಉಣುಗೋಲಿನ ಬಳಿ ನಿಂತು ಕೂಗಿ, ಒಳಗಿನಿಂದ ಉತ್ತರ ಬಂದ ಮೇಲೆ ಕಾಲಿಡುವುದು ರೂಢಿ. ಫೋನಿನ ಲೋಕಕ್ಕೆ ಆ ಉಣುಗೋಲು ಇನ್ನೂ ಬಂದಿಲ್ಲ.

ಇಲ್ಲದ್ದರ ಬೆಲೆ ದೊಡ್ಡದು. ಅದೇ 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನ ಯುವ ಸಾಫ್ಟ್‌ವೇರ್ ಎಂಜಿನಿಯರನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅವನ ಕಾರಿಗಿಂತ ವಾಟ್ಸ್‌ಆ್ಯಪ್ ಸುದ್ದಿ ಮುಂದೆ ಓಡಿ ರಸ್ತೆ ಕಟ್ಟಿತ್ತು. 2021ರ ಜುಲೈಯಲ್ಲಿ ಮತ್ತು 2022ರ ಜನವರಿಯಲ್ಲಿ ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಜಾಲತಾಣಗಳಿಂದ ಎತ್ತಿ ‘ಹರಾಜಿ’ಗಿಟ್ಟ ಎರಡು ಆ್ಯಪ್‌ಗಳು ಬಂದವು. ಅವುಗಳ ಹೀನ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಇಂಥದ್ದು ನಡೆದಾಗಲೆಲ್ಲ ಮನೆಯಲ್ಲಿ ಮೊದಲು ಹೊರಡುವ ಆಜ್ಞೆ ಒಂದೇ: ಹೆಣ್ಣುಮಕ್ಕಳ ಕೈಯಿಂದ ಫೋನು ಕಸಿಯಿರಿ. ನಾವಿದನ್ನು ಒಪ್ಪುವುದಿಲ್ಲ. ಹರಾಜಿಗಿಟ್ಟವರಲ್ಲಿ ಪತ್ರಕರ್ತೆಯರೂ ಹೋರಾಟಗಾರ್ತಿಯರೂ ಇದ್ದರು. ಅವರ ಬಾಯಿ ಮುಚ್ಚಿಸುವುದೇ ದುಷ್ಟರ ಉದ್ದೇಶವಾಗಿತ್ತು. ಆ ಕೆಲಸವನ್ನು ಮನೆಯವರು ಮುಗಿಸಿಕೊಡಬೇಕೆ? ಫೋನು ಕಸಿದರೆ ಹುಡುಗಿ ಸುರಕ್ಷಿತಳಾಗುವುದಿಲ್ಲ, ಬೆದರಿಕೆ ಬಂದಾಗ ಮನೆಯಲ್ಲಿ ಹೇಳಲು ಹೆದರುತ್ತಾಳೆ ಅಷ್ಟೆ. ಕಲಿಸಬೇಕಾದದ್ದು ಗಂಡುಮಕ್ಕಳಿಗೆ: ಇನ್ನೊಬ್ಬರ ಮಾತು, ಇನ್ನೊಬ್ಬರ ಚಿತ್ರ ಅವರನ್ನು ಕೇಳದೆ ಮುಂದೆ ಹೋಗಬಾರದು.

ಕಾನೂನೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು. ಆದರೆ ಅದು ವ್ಯಕ್ತಿಯೊಬ್ಬ ತನ್ನ ಖಾಸಗಿ ಅಥವಾ ಮನೆಯ ಕೆಲಸಕ್ಕೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸುವುದಿಲ್ಲ. ಬೆದರಿಕೆ, ಮಾನಹಾನಿಗೆ ಬೇರೆ ಕಾನೂನುಗಳಿವೆ, ನಿಜ. ಆದರೆ ಅವು ಎಚ್ಚೆತ್ತುಕೊಳ್ಳುವುದು ಕೇಡು ನಡೆದ ಮೇಲೆ.

ಆದ್ದರಿಂದ ದಿನದಿನದ ಕೆಲವು ಎಚ್ಚರಗಳು ನಮ್ಮ ಕೈಯಲ್ಲೇ ಇರಬೇಕು. ಇಂದು ಕಾಫಿ ತೋಟಗಳಲ್ಲಿ ಅಸ್ಸಾಮಿನ ಕಾರ್ಮಿಕರಿದ್ದಾರೆ. ಅವರ ಆಧಾರ್ ಕಾರ್ಡಿನ ಚಿತ್ರ ಗುತ್ತಿಗೆದಾರನಿಂದ ತೋಟದವರಿಗೆ, ಅಲ್ಲಿಂದ ಇನ್ನೊಬ್ಬರಿಗೆ ಫೋನಿನಲ್ಲಿ ಸಾಗಿದರೆ, ಅದು ಕೊನೆಗೆ ಎಷ್ಟು ಫೋನುಗಳಲ್ಲಿ ಉಳಿಯಿತೆಂದು ಯಾರು ಹೇಳಬಲ್ಲರು? ಹೋಂಸ್ಟೇಗೆ ಬರುವ ಅತಿಥಿಗಳ ಗುರುತಿನ ಚೀಟಿಯ ಕಥೆಯೂ ಅದೇ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತದೆ, ಅದನ್ನೇ ಕೇಳಿ, ಅದನ್ನೇ ಕೊಡಿ. ಕೆಲಸ ಮುಗಿದ ಮೇಲೆ ಅಳಿಸಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ನಿಮ್ಮ ಚಿತ್ರವನ್ನು ಯಾರು ನೋಡಬಹುದು, ಗುಂಪಿಗೆ ಯಾರು ಸೇರಿಸಬಹುದು ಎಂಬುದನ್ನು ಫೋನಿನ ಸೆಟ್ಟಿಂಗ್‌ನಲ್ಲಿ ನೀವೇ ನಿರ್ಧರಿಸಿ. ಬೆದರಿಕೆ ಬಂದರೆ ಸಾಕ್ಷಿ ಅಳಿಸದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಪೊಲೀಸರಿಗೆ ದೂರು ಕೊಡಿ. ಮನಸ್ಸು ಕುಸಿದರೆ ಟೆಲಿ-ಮಾನಸ್ 14416 ಇದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಆಡುವವರಿಗೆ ಹೇಳಿದ್ದು. ಈಗ ಕೇಳಿಸಿಕೊಂಡವರಿಗೂ ಅದನ್ನು ಹೇಳಬೇಕಾಗಿದೆ. ಮೂಡಿಗೆರೆಯ ಆ ಸ್ಕ್ರೀನ್‌ಶಾಟ್ ತಲುಪಿದವರೆಲ್ಲ ಕ್ರೂರಿಗಳೇ ಆಗಿರಲಾರರು. ತಮಗೆ ಬಂದದ್ದನ್ನು ತಮ್ಮಲ್ಲೇ ನಿಲ್ಲಿಸಿ, ‘ಇದನ್ನು ಹಂಚಬೇಡ’ ಎಂದು ಕಳಿಸಿದವನಿಗೆ ಹೇಳುವ ಹತ್ತು ಜನ ಪ್ರತಿ ಗುಂಪಿನಲ್ಲಿದ್ದರೆ, ಮುಂದಿನ ಹುಡುಗಿಯಾದರೂ ಉಳಿಯುತ್ತಾಳೆ.